ಬೋನಾಳ ಕೆರಿಯೊಳಗ ಹೆಬ್ಬಾತು ಎಣಿಸೋದು ಹ್ಯಾಂಗ?

ಸಗರನಾಡ_ಹಕ್ಕಿ:
ಜನವರಿ ಏಷ್ಯಾ ನೀರುಹಕ್ಕಿ ಗಣತಿಗೆ ಆರು ಮಂದಿ ಬೋನಾಳ ಪಕ್ಷಿಧಾಮಕ್ಕ ಹೊಂಟೀವ್ರಿ. ಎರಡು 8×42 ಬೈನಾಕ್ಯುಲರ್, ಒಂದು ಜೂಮ್ ಕ್ಯಾಮೆರಾ ಅವ. ಪಟ್ಟೆತಲೆ ಹೆಬ್ಬಾತಿನ ಹಿಂಡು ನೋಡಿ ಒಬ್ಬರು 400 ಅಂದ್ರ ಇನ್ನೊಬ್ಬರು 900 ಅಂತಾರ. ಎಣಿಸೋ ಪದ್ಧತಿ ಏನು? ಎಷ್ಟು ಗಂಟೇಕ ಸುರು ಮಾಡಬೇಕು?

ಕೆರೆಏರಿ:
ಮೊದಲು ವೇಳೆ ಸರಿ ಮಾಡಿಕೊಳ್ಳಿ. ಹೆಬ್ಬಾತುಗಳು ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇಯ್ದು ಬಿಸಿಲೇರಿದ ಮೇಲೆ ನೀರಿಗೆ ಬಂದು ಕೂಡುತ್ತವೆ. ಏಳಕ್ಕೇ ಎಣಿಸಿ ಮುಗಿಸಿದರೆ ಹೊಲದಲ್ಲಿರುವ ಹಿಂಡು ಲೆಕ್ಕಕ್ಕೇ ಸಿಗುವುದಿಲ್ಲ. ಬಾತು, ನಾಮಕೋಳಿ, ಮೆಟ್ಟುಗಾಲು ಹಕ್ಕಿಗಳನ್ನು ಏಳರಿಂದ ಎಣಿಸಿ. ಹೆಬ್ಬಾತುಗಳನ್ನು ಹತ್ತರ ಸುಮಾರಿಗೆ, ಹಿಂಡುಗಳು ಇಳಿಯುವುದು ನಿಂತ ಮೇಲೆ. ಇನ್ನೂ ತಡವಾದರೆ ಬಿಸಿಲ ಝಳಕ್ಕೆ ದೂರದ ಹಕ್ಕಿಗಳು ಕಲಸಿದಂತೆ ಕಾಣುತ್ತವೆ. ಸೂರ್ಯ ಬೆನ್ನಿಗಿರಲಿ, ಅಂದರೆ ಪೂರ್ವದ ದಂಡೆ.

ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಗುರುತಿಟ್ಟುಕೊಳ್ಳಿ. ಅದೇ ಅಳತೆಯನ್ನು ಎಡದಿಂದ ಬಲಕ್ಕೆ ಸರಿಸುತ್ತ ಹೋಗಿ. ಹಿಂಡು ಸಾವಿರದ ಹತ್ತಿರವಿದ್ದರೆ ಐವತ್ತರ ಅಳತೆ. 400–900ರ ಜಗಳ ಹುಟ್ಟುವುದೇ ಇಲ್ಲಿ: ಹಿಂಡು ನಡುವೆ ಒತ್ತಾಗಿ, ಅಂಚಿನಲ್ಲಿ ವಿರಳವಾಗಿ ಕೂತಿರುತ್ತದೆ. ಅಂಚಿನ ಅಳತೆಯನ್ನೇ ನಡುವಿಗೂ ಹಾಕಿದವರ ಸಂಖ್ಯೆ ಇಳಿಯುತ್ತದೆ. ನಡುವಿಗೆ ಹೊಸದಾಗಿ ಅಳತೆ ತೆಗೆಯಿರಿ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಎಣಿಸಲಿ, ಮೂರನೆಯವರು ಬರೆದುಕೊಳ್ಳಲಿ. ಶೇ 10ಕ್ಕಿಂತ ಹೆಚ್ಚು ಅಂತರ ಬಂದರೆ ಮತ್ತೆ ಎಣಿಸಬೇಕು. ಸರಾಸರಿ ಹಾಕಿ ಮುಗಿಸುವುದು ಸರಿಯಲ್ಲ.

ಕ್ಯಾಮೆರಾದಲ್ಲಿ ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ಸಾಲಾಗಿ ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಬಿಳಿತಲೆಗೂ ಚುಕ್ಕೆ ಇಡಿ. ತಲೆ ಹುದುಗಿಸಿ ಮಲಗಿದವನ್ನು ಬಿಡಬೇಡಿ.

ಬೀದರ್_ಹುಲ್ಲುಗಾವಲು:
ಇಬರ್ಡ್ (ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ) ಬಗ್ಗೆ: ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ ಹಾಕಬೇಡಿ. ಹಕ್ಕಿ ಇತ್ತು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ, ಮುಂದಿನ ವರ್ಷ ಹೋಲಿಸಲು ಏನೂ ಉಳಿಯುವುದಿಲ್ಲ. ಅಂದಾಜು 650 ಎಂದಾದರೂ ಬರೆದು, ಹೇಗೆ ಎಣಿಸಿದಿರಿ ಅಂತ ಷರಾ ಹಾಕಿ. ಗುರುತಿಸಿದ ಎಲ್ಲ ಜಾತಿಗಳನ್ನೂ ಬರೆದಿದ್ದರೆ ಮಾತ್ರ ‘ಸಂಪೂರ್ಣ ಪಟ್ಟಿ’ ಅನ್ನಿ. ಒಟ್ಟಿಗೆ ಎಣಿಸಿದ ತಂಡಕ್ಕೆ ಒಂದೇ ಪಟ್ಟಿ, ಅದನ್ನೇ ಉಳಿದವರಿಗೆ ಹಂಚಿ. ಆರೂ ಜನ ಬೇರೆಬೇರೆ ಹಾಕಿದರೆ ಒಂದೇ ಹಿಂಡು ಆರು ಸಲ ದಾಖಲಾಗುತ್ತದೆ. ನೀರಿನ ಮಟ್ಟ, ಮೀನಿನ ಬಲೆ, ನಾಯಿಗಳ ಓಡಾಟವನ್ನೂ ಬರೆಯಿರಿ. ಹಕ್ಕಿ ಕಡಿಮೆಯಾದ ವರ್ಷ ಕಾರಣ ಹುಡುಕಲು ಇದೇ ಬೇಕಾಗುವುದು.

ಸಗರನಾಡ_ಹಕ್ಕಿ:
ಭಾಳ ಉಪಕಾರ ಆಯ್ತ್ರಿ. ಎಣಿಸೋ ನಡುವ ಹಿಂಡು ಎದ್ದು ಹಾರಿದ್ರ?

ಕೆರೆಏರಿ:
ಅಲ್ಲಿವರೆಗಿನ ಲೆಕ್ಕ ಬಿಟ್ಟುಬಿಡಿ. ಮತ್ತೆ ಕೂತ ಮೇಲೆ ಮೊದಲಿನಿಂದ ಎಣಿಸಿ. ಏರಿಯ ಮೇಲೆ ಸಾಲಾಗಿ ನಿಂತರೆ ಆಕಾಶಕ್ಕೆ ಎದುರಾಗಿ ಎದ್ದು ಕಾಣುತ್ತೀರಿ, ಹಕ್ಕಿ ಏಳುವುದು ಅದಕ್ಕೇ. ಗಿಡದ ಮರೆಯಲ್ಲಿ ಕೂತು ನೋಡಿ.

ಶಹಾಪುರ_ಬೆಟ್ಟ:
ಕೊರಳಾಗ ಪ್ಲಾಸ್ಟಿಕ್ ಪಟ್ಟಿ ಇರೋ ಹೆಬ್ಬಾತು ಕಂಡ್ರ ಪಟ್ಟಿ ಬಣ್ಣ, ಅಕ್ಷರ, ಅಂಕಿ ಬರಕೊಂಡು ಫೋಟೊ ತಗೀರಿ. ಮಂಗೋಲಿಯಾದಾಗ ಸಂಶೋಧಕರು ಗುರುತಿಗೆ ಹಾಕಿದ ಪಟ್ಟಿಗಳು ಕರ್ನಾಟಕದ ಕೆರಿಯೊಳಗ ಸಿಕ್ಕಾವ. ಸತ್ತ ಹಕ್ಕಿ ಸಿಕ್ರ ಮುಟ್ಟಬ್ಯಾಡ್ರಿ, ಹಕ್ಕಿಜ್ವರ ಇರಬಹುದು. ಜಾಗದ ಗುರುತು ಹೇಳಿ ಅರಣ್ಯ ಇಲಾಖೆಗೂ ಪಶು ವೈದ್ಯರಿಗೂ ತಕ್ಷಣ ತಿಳಿಸ್ರಿ.