ಎಂಟರ್‌ಪ್ರೈಸ್ ಆರ್ಕಿಟೆಕ್ಟ್‌ನಲ್ಲಿ ಟೆಸ್ಟ್ ಕೇಸ್, ಟೆಸ್ಟ್ ಪ್ಲಾನ್ ಹೇಗೆ ಜೋಡಿಸುತ್ತೀರಿ?

ಬಗ್‌ಬೇಟೆ:
ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಸ್ಕೂಟರ್‌ನ ಬ್ಯಾಟರಿ ಕಂಟ್ರೋಲರ್ ಪ್ರಾಜೆಕ್ಟ್ ನಮ್ಮದು. ರಿಕ್ವೈರ್‌ಮೆಂಟ್‌ಗಳೆಲ್ಲ (ಸಿಸ್ಟಮ್ ಏನೇನು ಮಾಡಬೇಕು ಅನ್ನುವುದು) ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಅನ್ನುವ ಮಾಡೆಲಿಂಗ್ ಸಾಫ್ಟ್‌ವೇರ್‌ನ ಮಾಡೆಲ್‌ನಲ್ಲೇ ಇವೆ, ಟೆಸ್ಟ್ ಕೇಸ್‌ಗಳು ಮಾತ್ರ ಎಕ್ಸೆಲ್‌ನಲ್ಲಿ. ಒಂದು ರಿಕ್ವೈರ್‌ಮೆಂಟ್ ಬದಲಾದರೆ ಯಾವ್ಯಾವ ಟೆಸ್ಟ್ ಮುಟ್ಟಬೇಕು ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಟೆಸ್ಟ್‌ಗಳನ್ನೂ ಒಳಗೆ ತರೋಣ ಅಂತಿದ್ದೇವೆ. ಅದರ ಟೆಸ್ಟಿಂಗ್ ವಿಂಡೋದಲ್ಲಿ ಆಯಾ ಎಲಿಮೆಂಟ್‌ಗೇ (ಮಾಡೆಲ್‌ನ ಒಂದೊಂದು ಡಬ್ಬಕ್ಕೆ) ಟೆಸ್ಟ್ ಬರೆಯುವುದಾ, ಇಲ್ಲ ಪ್ರತಿ ಟೆಸ್ಟ್ ಕೇಸನ್ನೂ ಬೇರೆ ಎಲಿಮೆಂಟ್ ಮಾಡುವುದಾ? ಮತ್ತೆ ಪ್ರತಿ ರಿಲೀಸ್‌ಗೂ ಒಂದು ಟೆಸ್ಟ್ ಪ್ಲಾನ್ ಕೇಳುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಹಳೇ ಟೆಸ್ಟ್‌ಗಳೇ. ಟೆಸ್ಟ್‌ಗಳ ಪ್ಯಾಕೇಜನ್ನೇ (ಮಾಡೆಲ್‌ನ ಫೋಲ್ಡರ್ ಇದ್ದ ಹಾಗೆ) ಕಾಪಿ ಮಾಡಿಬಿಡಲಾ?

ಹಳೇಟೆಸ್ಟರ್:
ಕಾಪಿ ಮಾತ್ರ ಮಾಡಬೇಡಿ ಮಾರಾಯ್ರೆ! ಮೂರನೇ ರಿಲೀಸ್ ಹೊತ್ತಿಗೆ ಒಂದೇ ಟೆಸ್ಟ್‌ಗೆ ಮೂರು ರೂಪ ಬಂದಿರುತ್ತದೆ, ಯಾವುದು ಸರಿ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಟೆಸ್ಟ್ ಕೇಸ್‌ಗಳೆಲ್ಲ ಒಂದೇ ಪ್ಯಾಕೇಜ್‌ನಲ್ಲಿರಲಿ, ಒಳಗೆ ಫೀಚರ್ ಪ್ರಕಾರ ಭಾಗ ಮಾಡಿ. ರಿಲೀಸ್ ಪ್ಲಾನ್ ಅಂದರೆ ಬರೀ ಒಂದು ಡಯಾಗ್ರಾಮ್: ಬೇಕಾದ ಟೆಸ್ಟ್‌ಗಳನ್ನು ಬ್ರೌಸರ್‌ನಿಂದ (ಮಾಡೆಲ್‌ನ ಪಟ್ಟಿ ತೋರಿಸುವ ವಿಂಡೋದಿಂದ) ಎಳೆದು ಹಾಕಿ, ಕೇಳಿದಾಗ ಲಿಂಕ್ ಅಂತ ಆರಿಸಿ. ಎಲಿಮೆಂಟ್ ಒಂದೇ, ಎಷ್ಟು ಡಯಾಗ್ರಾಮ್‌ನಲ್ಲಾದರೂ ಕಾಣಿಸುತ್ತದೆ. ಪ್ಲಾನ್‌ನಿಂದ ತೆಗೆಯುವಾಗ ಡಿಲೀಟ್ ಒತ್ತಿದರೆ ಡಯಾಗ್ರಾಮ್‌ನಿಂದಷ್ಟೇ ಹೋಗುತ್ತದೆ. ಕಂಟ್ರೋಲ್ ಡಿಲೀಟ್ ಒತ್ತಿದರೆ ಮಾಡೆಲ್‌ನಿಂದಲೇ ಹೋಗುತ್ತದೆ, ಹೊಸಬರಿಗೆ ಇದನ್ನು ಮೊದಲೇ ಹೇಳಿಡಿ.

ಟೆಸ್ಟಿಂಗ್ ವಿಂಡೋದಲ್ಲಿ ಬರೆದದ್ದು ಆ ಎಲಿಮೆಂಟ್‌ಗೆ ಅಂಟಿಕೊಂಡ ದಾಖಲೆ ಅಷ್ಟೇ. ಅದರಿಂದ ಇನ್ನೊಂದಕ್ಕೆ ಬಾಣ ಎಳೆಯಲಾಗುವುದಿಲ್ಲ. ನಿಮಗೆ ಬೇಕಾಗಿರುವುದೇ ಆ ಬಾಣ ಅಲ್ವಾ? ಬೇರೆ ಎಲಿಮೆಂಟ್ ಆಗಿದ್ದರೆ ಸಿಸ್‌ಎಂಎಲ್ ಅನ್ನುವ ಮಾಡೆಲಿಂಗ್ ಭಾಷೆಯ ವೆರಿಫೈ ಸಂಬಂಧ (ಈ ಟೆಸ್ಟ್ ಈ ರಿಕ್ವೈರ್‌ಮೆಂಟನ್ನು ಪರೀಕ್ಷಿಸುತ್ತದೆ ಅನ್ನುವ ಬಾಣ) ಹಾಕಬಹುದು, ಟೆಸ್ಟ್‌ನಿಂದ ರಿಕ್ವೈರ್‌ಮೆಂಟ್ ಕಡೆಗೆ.

ಕೋಡುಗಲ್ಲು:
ಹಳೇಟೆಸ್ಟರ್ ಹೇಳಿದ್ದು ಸರಿ, ಆದರೆ ಎಲ್ಲದಕ್ಕೂ ಎಲಿಮೆಂಟ್ ಮಾಡಲು ಹೋಗಬೇಡಿ. ಒಂದು ಕ್ಲಾಸಿನ (ಕೋಡ್‌ನ ಒಂದು ತುಂಡಿನ) ಯೂನಿಟ್ ಟೆಸ್ಟ್, ಇನ್‌ಸ್ಪೆಕ್ಷನ್ (ಓದಿ ಪರಿಶೀಲಿಸುವುದು) ಇಂಥವಕ್ಕೆ ಟೆಸ್ಟಿಂಗ್ ವಿಂಡೋನೇ ಸಾಕು, ಅದರಲ್ಲಿ ಇವೆರಡಕ್ಕೂ ಬೇರೆ ಬೇರೆ ಜಾಗವೇ ಇದೆ. ಸುಮ್ನೆ ನೂರಾರು ಡಬ್ಬ ತುಂಬಿಸಿಟ್ಟರೆ ಯಾರೂ ತೆರೆದು ನೋಡುವುದಿಲ್ಲ. ಸಿಸ್ಟಮ್ ಟೆಸ್ಟ್ (ಇಡೀ ಸಿಸ್ಟಮ್‌ನದು), ಅಕ್ಸೆಪ್ಟೆನ್ಸ್ ಟೆಸ್ಟ್ (ಗ್ರಾಹಕರ ಒಪ್ಪಿಗೆಗೆ) ಮಾತ್ರ ಎಲಿಮೆಂಟ್ ಮಾಡಿ.

ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಅಂತ ಕೋಷ್ಟಕದಲ್ಲಿ ತೋರಿಸುವ ರಿಲೇಶನ್‌ಶಿಪ್ ಮ್ಯಾಟ್ರಿಕ್ಸ್ ಬಳಸಿ. ಸೋರ್ಸ್‌ಗೆ ರಿಕ್ವೈರ್‌ಮೆಂಟ್ ಪ್ಯಾಕೇಜ್, ಟಾರ್ಗೆಟ್‌ಗೆ ಟೆಸ್ಟ್ ಪ್ಯಾಕೇಜ್ ಕೊಡಿ. ಖಾಲಿ ಸಾಲು ಕಂಡರೆ ಆ ರಿಕ್ವೈರ್‌ಮೆಂಟ್‌ಗೆ ಟೆಸ್ಟ್ ಇಲ್ಲ ಅಂತ. ಪೂರ್ತಿ ಖಾಲಿ ಬಂದರೆ ಗಾಬರಿಯಾಗಬೇಡಿ, ದಿಕ್ಕು ಟಾರ್ಗೆಟ್‌ನಿಂದ ಸೋರ್ಸ್‌ಗೆ ಇದೆಯಾ ನೋಡಿ, ಬಾಣ ಹೊರಡುವುದು ಟೆಸ್ಟ್‌ನಿಂದ ತಾನೇ.

ಬಗ್‌ಬೇಟೆ:
ಥ್ಯಾಂಕ್ಸ್ ಇಬ್ಬರಿಗೂ, ದಿಕ್ಕಿನ ವಿಷಯ ಹೊಳೆದೇ ಇರಲಿಲ್ಲ. ಪಾಸ್, ಫೇಲ್ ಎಲ್ಲಿ ಬರೆಯುವುದು? ಮತ್ತೆ ಬಿಸಿ ಜಾಸ್ತಿಯಾದಾಗ ಚಾರ್ಜಿಂಗ್ ನಿಲ್ಲಬೇಕು, ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪವೂ ಹತ್ತಬೇಕು. ರಿಕ್ವೈರ್‌ಮೆಂಟ್ ಎರಡು, ಟೆಸ್ಟ್ ಒಂದೇ.

ಹಳೇಟೆಸ್ಟರ್:
ಎರಡು ಬಾಣ ಹಾಕಿ, ಏನೂ ತೊಂದರೆ ಇಲ್ಲ. ಆದರೆ ದೀಪ ಹತ್ತದೆ ಚಾರ್ಜಿಂಗ್ ಮಾತ್ರ ನಿಂತರೆ ಆ ಟೆಸ್ಟ್ ಪಾಸಾ ಫೇಲಾ ಅಂತ ಮೊದಲೇ ಬರೆದಿಡಿ, ಇಲ್ಲದಿದ್ದರೆ ಟೆಸ್ಟೇ ಎರಡು ಮಾಡಿ, ನಾನಾದರೆ ಎರಡು ಮಾಡುತ್ತಿದ್ದೆ.

ಫಲಿತಾಂಶ ಮಾಡೆಲ್‌ನಲ್ಲಿ ಬೇಡ. ಟೆಸ್ಟಿಂಗ್ ವಿಂಡೋದಲ್ಲಿ ಒಂದು ಟೆಸ್ಟ್‌ಗೆ ಒಂದೇ ಸ್ಟೇಟಸ್. ಇವತ್ತಿನ ಪಾಸ್ ಬರೆದರೆ ಹೋದ ವಾರದ ಫೇಲ್ ಅಳಿಸಿಹೋಗುತ್ತದೆ. ಅದನ್ನು ಜಿರಾನೋ ಇನ್ನೊಂದೋ ಕೆಲಸ ಟ್ರ್ಯಾಕ್ ಮಾಡುವ ಟೂಲ್ ನೋಡಿಕೊಳ್ಳಲಿ, ಅಲ್ಲಿ ಟೆಸ್ಟ್ ಐಡಿ ಮಾತ್ರ ಮಾಡೆಲ್‌ನಲ್ಲಿರುವುದೇ ಇರಲಿ. ರಿಲೀಸ್ ದಿನ ಟೆಸ್ಟ್ ಪ್ಯಾಕೇಜ್‌ಗೂ ಪ್ಲಾನ್ ಡಯಾಗ್ರಾಮ್‌ಗಳಿರುವ ಪ್ಯಾಕೇಜ್‌ಗೂ ಒಂದೊಂದು ಬೇಸ್‌ಲೈನ್ (ಆ ಹೊತ್ತಿನ ಸ್ಥಿತಿಯ ಪ್ರತಿ) ತೆಗೆದಿಡಿ.