ಗಾಥಿಕ್ ಅಂದ್ರೆ ಯಾವ ಗಾಥಿಕ್? (300 ಮದುವೆ ಕಾರ್ಡು ಹಾಳು)

ಅಚ್ಚಿನಮನೆ:
ಮೈಸೂರಲ್ಲಿ ನನ್ನದೊಂದು ಚಿಕ್ಕ ಪ್ರೆಸ್ ಇದೆ. ಹೋದ ವಾರ ಒಬ್ಬರು ಮಗಳ ಮದುವೆ ಕಾರ್ಡಿಗೆ ಬಂದರು. ಚರ್ಚಿನಲ್ಲಿ ಮದುವೆ. "ಹೆಸರೆರಡೂ ಗಾಥಿಕ್ ಅಕ್ಷರದಲ್ಲಿರಲಿ" ಅಂದರು. ಕಂಪ್ಯೂಟರ್‌ನಲ್ಲಿ ಹುಡುಕಿದರೆ ಸೆಂಚುರಿ ಗಾಥಿಕ್ ಸಿಕ್ಕಿತು. ಪ್ರೂಫ್ ತೋರಿಸದೆ 300 ಕಾರ್ಡು ಹೊಡೆದೂಬಿಟ್ಟೆ. (ಪ್ರೂಫ್ ವಿಷಯಕ್ಕೆ ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ.)

ಅವರು ನೋಡಿ, "ಇದೇನ್ರೀ, ಬಸ್ ಬೋರ್ಡ್ ಥರ ಇದೆ" ಅಂದರು. ಅವರಿಗೆ ಬೇಕಿದ್ದದ್ದು ಹಳೇ ಬೈಬಲ್ಲಿನಲ್ಲಿರುವಂಥ ಚೂಪು ಚೂಪಾದ ಕಪ್ಪು ಅಕ್ಷರ. ಅದೂ ಗಾಥಿಕ್ಕಂತೆ! ನಮ್ಮ ಫಿಲೋಮಿನಾ ಚರ್ಚೂ ಗಾಥಿಕ್. ಪಕ್ಕದ ಮನೆ ಹುಡುಗಿ ಕಪ್ಪು ಲಿಪ್‌ಸ್ಟಿಕ್ ಹಚ್ಚಿಕೊಂಡು ತಾನೂ ಗಾಥ್ ಅಂತಾಳೆ. ಇದರಲ್ಲಿ ಅಸಲಿ ಯಾವುದು?

ಹಳೇ ಟ್ರೆಡಲ್:
ಇಬ್ಬರದೂ ಸರಿ ತಮ್ಮಾ. ನಾನು ಅಚ್ಚುಮೊಳೆ ಜೋಡಿಸಿ ಬದುಕಿದವನು. ಗುಟೆನ್‌ಬರ್ಗ್ 1455ರ ಸುಮಾರಿಗೆ ಬೈಬಲ್ ಅಚ್ಚು ಹಾಕಿದ್ದು ಆ ಚೂಪು ಅಕ್ಷರದಲ್ಲೇ. 19ನೇ ಶತಮಾನದಲ್ಲಿ ತುದಿಗೆರೆ ಇಲ್ಲದ ಬೋಳು ಅಕ್ಷರ ಬಂತು. ಅಮೆರಿಕದವರು ಅದಕ್ಕೂ ಗಾಥಿಕ್ ಅಂದರು. 1902ರ ಫ್ರಾಂಕ್ಲಿನ್ ಗಾಥಿಕ್ ಆ ಜಾತಿಯದು. ಜಪಾನಿನವರು ಇವತ್ತಿಗೂ ಬೋಳು ಅಕ್ಷರಕ್ಕೆ ಅದೇ ಹೆಸರು ಹೇಳುತ್ತಾರೆ.

ನಿನಗೆ ಬೇಕಾದದ್ದು ಲಿಸ್ಟಿನಲ್ಲಿ 'ಓಲ್ಡ್ ಇಂಗ್ಲಿಷ್' ಅಂತ ಇರುತ್ತೆ. ಎಲ್ಲಾ ಕ್ಯಾಪಿಟಲ್‌ನಲ್ಲಿ ಮಾತ್ರ ಹೊಡೆಯಬೇಡ, ದೇವರಾಣೆ ಓದಕ್ಕಾಗಲ್ಲ.

ನಿವೃತ್ತ ಮೇಷ್ಟ್ರು:
ಅಸಲಿ ಅಂದರೆ ಗಾಥರು, ಜರ್ಮಾನಿಕ್ ಭಾಷೆಯಾಡುತ್ತಿದ್ದ ಜನ. 410ರಲ್ಲಿ ಅಲಾರಿಕ್ ಅನ್ನುವ ನಾಯಕನ ಜೊತೆ ನುಗ್ಗಿ ರೋಮನ್ನು 3 ದಿನ ಲೂಟಿ ಮಾಡಿದರು. ಇಟಲಿಯವರು ಅದನ್ನು ಸಾವಿರ ವರ್ಷವಾದರೂ ಮರೆಯಲಿಲ್ಲ. 1550ರಲ್ಲಿ ವಸಾರಿ ಅನ್ನುವ ಕಲಾವಿದ, ಚೂಪು ಕಮಾನಿನ ಕಟ್ಟಡಗಳನ್ನು ಕಂಡರಾಗದೆ, ಇದು ಗಾಥರ ಕೆಲಸ ಅಂತ ಬರೆದ. ಸುಮ್ನೆ ಬೈಗುಳ! ಆ ಶೈಲಿ ಶುರುವಾದದ್ದು ಪ್ಯಾರಿಸ್ ಪಕ್ಕದ ಸಾಂ ದೆನಿಯಲ್ಲಿ, 1140ರ ದಶಕದಲ್ಲಿ. ಅಷ್ಟೊತ್ತಿಗೆ ಗಾಥರ ರಾಜ್ಯಗಳು ಮುಳುಗಿ ನಾನೂರು ವರ್ಷವಾಗಿತ್ತು. ನಿಮ್ಮ ಮೈಸೂರಿನ ಚರ್ಚು ಇನ್ನೂ ಈಚಿನದು, ಕೊಲೋನಿನ ಚರ್ಚನ್ನು ನೋಡಿ ಕಟ್ಟಿದ್ದು.

ದೆವ್ವದ ಕಥೆಗೆ ಆ ಹೆಸರು ಬಂದದ್ದು ಹೊರೇಸ್ ವಾಲ್‌ಪೋಲನಿಂದ. 1765ರಲ್ಲಿ ತನ್ನ ಕಾದಂಬರಿಯ ಎರಡನೇ ಮುದ್ರಣಕ್ಕೆ 'ಗಾಥಿಕ್ ಕಥೆ' ಅಂತ ಸೇರಿಸಿದ. ಕಪ್ಪು ಲಿಪ್‌ಸ್ಟಿಕ್ಕು ಆಮೇಲಿನದು, 1970ರ ದಶಕದ ಕೊನೆಯ ಇಂಗ್ಲಿಷ್ ಬ್ಯಾಂಡುಗಳ ಕಡೆಯಿಂದ.

ಗಾಥರ ಸ್ವಂತದ್ದು ಅಂತ ನೋಡಬೇಕಿದ್ದರೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಒಂದು ಬೈಬಲ್ ಇದೆ. ನೇರಳೆ ಬಣ್ಣದ ಚರ್ಮದ ಹಾಳೆ, ಅದರ ಮೇಲೆ ಬೆಳ್ಳಿ, ಚಿನ್ನದ ಅಕ್ಷರ. ಅದರಲ್ಲಿ 'ತಂದೆ' ಅನ್ನುವುದಕ್ಕೆ 'ಅತ್ತ' ಅಂತಿದೆ. ಅತ್ತೆಗೂ ಇದಕ್ಕೂ ಸಂಬಂಧ ಹುಡುಕಬೇಡಿ.

ಹಳೇ ಟ್ರೆಡಲ್:
ಮೇಷ್ಟ್ರೇ, ಬೆಳ್ಳಿ ಶಾಯಿ ಅಂದ್ರಾ? ನಮ್ಮ ಕಾಲದಲ್ಲಿ ಚಿನ್ನದ ಪುಡಿ ಉದುರಿಸಿಯೇ ಮೂಗೆಲ್ಲ ಹೊಳೆಯುತ್ತಿತ್ತು.

ಅಚ್ಚಿನಮನೆ:
ಸರ್, ತುಂಬಾ ಥ್ಯಾಂಕ್ಸ್. ಅಣ್ಣ, ನೀವು ಬೇಡ ಅಂದರೂ ಒಂದು ಸಲ ಕ್ಯಾಪಿಟಲ್‌ನಲ್ಲಿ ಹೊಡೆದು ನೋಡಿದೆ. ಮದುಮಗಳ ಹೆಸರು ಕಬ್ಬಿಣದ ಗೇಟಿನ ಹಾಗೆ ಕಾಣಿಸಿತು. ಮೊದಲಕ್ಷರ ಮಾತ್ರ ದೊಡ್ಡದು ಮಾಡಿ ಪ್ರೂಫ್ ಕಳಿಸಿದ್ದೇನೆ, "ಇದೇ, ಇದೇ" ಅಂದರು. ಹಾಳಾದ 300ರ ಹಿಂಬದಿ ಖಾಲಿ ಇದೆ. ಕತ್ತರಿಸಿ ಚೀಟಿ ಮಾಡಿದ್ದೇನೆ, ಲೆಕ್ಕ ಬರೆಯೋಕೆ.