ಹಳೆಯ ಕಾರು ಬಿಸಿಯಾಗುತ್ತಿದೆಯೇ? ಮೆಕ್ಯಾನಿಕ್‌ರನ್ನು ಕೇಳಿ

ನಿರ್ವಾಹಕ: ಹತ್ತು ವರ್ಷ ದಾಟಿದ ಕಾರುಗಳ ಕೂಲಿಂಗ್ ವ್ಯವಸ್ಥೆಯ ಬಗ್ಗೆ ಇಂದು ಪ್ರಶ್ನೆ ಕೇಳಬಹುದು. ಉತ್ತರಿಸುವವರು ನಮ್ಮ ಗುಂಪಿನ ಮೆಕ್ಯಾನಿಕ್. ಪೆಟ್ರೋಲೋ ಡೀಸೆಲೋ, ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ತಪ್ಪದೆ ಬರೆಯಿರಿ. ಫಾರ್ವರ್ಡ್ ಸಂದೇಶ ಬೇಡ.

ಬಿಳಿ ಕಾರಿನವರು: ನಮಸ್ಕಾರ ಸರ್. ಹದಿನಾಲ್ಕು ವರ್ಷದ ಪೆಟ್ರೋಲ್ ಕಾರು. ಸಿಗ್ನಲ್‌ನಲ್ಲಿ ನಿಂತರೆ ಬಿಸಿ ತೋರಿಸುವ ಗೇಜಿನ ಮುಳ್ಳು ಏರುತ್ತದೆ, ಓಡತೊಡಗಿದರೆ ಇಳಿಯುತ್ತದೆ. ರೇಡಿಯೇಟರ್ ಬದಲಿಸಿ ಎನ್ನುತ್ತಿದ್ದಾರೆ.

ಮೆಕ್ಯಾನಿಕ್: ನಮಸ್ಕಾರ. ರೇಡಿಯೇಟರ್‌ಗೆ ದುಡ್ಡು ಸುರಿಯುವ ಮೊದಲು ಫ್ಯಾನ್ ನೋಡಿ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ನಿಂತಲ್ಲೇ ಎಂಜಿನ್ ಓಡಿಸಿ, ಬಿಸಿಯಾದ ಮೇಲೆ ಫ್ಯಾನ್ ತಿರುಗುತ್ತದೆಯೇ ಗಮನಿಸಿ. ತಿರುಗದಿದ್ದರೆ ಎ.ಸಿ. ಹಾಕಿ. ಆಗ ತಿರುಗಿದರೆ ಮೋಟಾರ್ ಸರಿಯಿದೆ, ಸೆನ್ಸರ್ ಕಡೆಯ ದೋಷ. ಆಗಲೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಕೊನೆಗೆ ಮೋಟಾರ್ ನೋಡಿಸಿ. ಎಂಜಿನ್ ಆಫ್ ಆಗಿದ್ದರೂ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿ ತಿರುಗತೊಡಗುತ್ತದೆ. ಬೆರಳು ಜೋಪಾನ.

ಹೊಸ ಸದಸ್ಯೆ: ಸರ್, ನನ್ನ ಕಾರಿನಲ್ಲಿ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಹಸಿರು ಬಣ್ಣದ್ದಿದೆ. ಕೆಂಪು ಹಾಕಬಹುದೇ?

ಮೆಕ್ಯಾನಿಕ್: ಬಣ್ಣ ನೋಡಿ ಕೊಳ್ಳಬೇಡಿ ಮೇಡಂ. ಅದು ತಯಾರಕರು ಬೆರೆಸುವ ಬಣ್ಣ ಮಾತ್ರ, ಎಲ್ಲ ಕಂಪನಿಗಳೂ ಪಾಲಿಸುವ ನಿಯಮವೇನೂ ಇಲ್ಲ. ಕಾರಿನ ಕೈಪಿಡಿಯಲ್ಲಿ ಯಾವ ವಿಧ ಬರೆದಿದೆಯೋ ಅದೇ ಬೇಕು. ಸಿಲಿಕೇಟ್ ಇರುವ ಹಳೆಯ ವಿಧವನ್ನೂ ಸಾವಯವ ಆಮ್ಲದ ಹೊಸ ವಿಧವನ್ನೂ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಲೋಳೆಗಟ್ಟಿ ಸಣ್ಣ ನಾಳಗಳು ಮುಚ್ಚಿಹೋಗುತ್ತವೆ. ಒಳಗೆ ಯಾವುದಿದೆ ಎಂದು ತಿಳಿಯದಿದ್ದರೆ ಪೂರ್ತಿ ಖಾಲಿ ಮಾಡಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಹೊಸದು ತುಂಬಿಸಿ.

ಮೂರನೆಯ ಗೇರ್: ಸರ್, ನನ್ನ ಕಾರಿನ ಫ್ಯಾನ್ ಸ್ಟಾರ್ಟ್ ಮಾಡಿದ ಕ್ಷಣದಿಂದ ಓಡುತ್ತಲೇ ಇರುತ್ತದೆ. ಎ.ಸಿ. ಹಾಕಿರುವುದಿಲ್ಲ. ಏಕೆ?

ಸಂಜೆ ಸವಾರ: ನನ್ನದು ಸ್ವಲ್ಪ ಉದ್ದದ ಕಥೆ ಸರ್. ಹದಿನಾರು ವರ್ಷದ ಡೀಸೆಲ್ ಕಾರು. ಎಲ್ಲೂ ಸೋರುವುದು ಕಾಣುವುದಿಲ್ಲ, ನಿಲ್ಲಿಸಿದ ಜಾಗ ಒಣಗಿಯೇ ಇರುತ್ತದೆ. ಆದರೂ ಕೂಲೆಂಟ್ ಕಡಿಮೆಯಾಗುತ್ತಲೇ ಹೋಗುತ್ತದೆ, ವಾರವಾರ ತುಂಬಿಸುತ್ತೇನೆ. ಮೊನ್ನೆ ಏರುದಾರಿಯಲ್ಲಿ ಮುಳ್ಳು ಕೆಂಪಿನ ಹತ್ತಿರ ಹೋಗಿ, ಇದ್ದಕ್ಕಿದ್ದಂತೆ ತಣ್ಣಗಿನ ಕಡೆಗೆ ಬಿತ್ತು. ಆಗ ಹೀಟರ್ ಹಾಕಿದರೆ ತಣ್ಣನೆಯ ಗಾಳಿ ಬಂತು. ಮುಂದಿನ ವಾರ ಮನೆಮಂದಿಯೊಂದಿಗೆ ಬೆಟ್ಟದ ದಾರಿಯಲ್ಲಿ ಪ್ರಯಾಣವಿದೆ. ಗೇಜ್ ಬದಲಿಸಿದರೆ ಸಾಕೇ?

ಮೆಕ್ಯಾನಿಕ್: ಗೇಜ್ ಮುಟ್ಟಬೇಡಿ. ನಿಮ್ಮ ಪ್ರಶ್ನೆ ಓದಿ ಗಾಬರಿಯಾಯಿತು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಮುಳ್ಳು ಇಳಿದದ್ದು ಎಂಜಿನ್ ತಣಿದದ್ದರಿಂದಲ್ಲ. ಗೇಜಿನ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಕೂಲೆಂಟ್ ಇಳಿದು ಅದರ ತುದಿ ಗಾಳಿಗೋ ಹಬೆಗೋ ಸಿಕ್ಕಿದರೆ, ಎಂಜಿನ್‌ನ ಮೇಲ್ಭಾಗವಾದ ಹೆಡ್ ವಿಪರೀತ ಕಾಯುತ್ತಿದ್ದರೂ ಮುಳ್ಳು ಆರಾಮವಾಗಿ ಕೆಳಗೆ ಬಂದು ಕೂರುತ್ತದೆ. ಹೀಟರಿನಿಂದ ತಣ್ಣನೆಯ ಗಾಳಿ ಬಂದದ್ದೂ ಅದಕ್ಕೇ. ಕಾರಿನೊಳಗಿನ ಗಾಳಿ ಕಾಯಿಸುವ ಹೀಟರ್ ಕೋರ್‌ವರೆಗೆ ಬಿಸಿ ಕೂಲೆಂಟ್ ತಲುಪಲಿಲ್ಲ. ಇವೆರಡೂ ಒಟ್ಟಿಗೆ ಕಂಡರೆ ಬದಿಗೆ ಸರಿದು ಎಂಜಿನ್ ಆಫ್ ಮಾಡಬೇಕು, ಮನೆ ಎಷ್ಟೇ ಹತ್ತಿರವಿರಲಿ.

ಇನ್ನು, ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ? ಇದು ಮುಚ್ಚಿದ ವ್ಯವಸ್ಥೆ, ವಾರವಾರ ಖರ್ಚಾಗಲು ಅದು ಇಂಧನವಲ್ಲ. ಬಿಸಿ ಎಂಜಿನ್ ಮೇಲೆ ಸೋರಿ ಅಲ್ಲೇ ಆವಿಯಾಗುತ್ತಿರಬಹುದು. ಹಾಗಿದ್ದರೆ ಹೋಸ್ ಸೇರುವ ಕಡೆ, ಕ್ಲಿಪ್ಪಿನ ಸುತ್ತ ಒಣ ಕಲೆ ಉಳಿದಿರುತ್ತದೆ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ, ಟಾರ್ಚ್ ಹಿಡಿದು ನೋಡಿ. ಒಳಗಿನ ಸೀಲ್ ಸವೆದದ್ದು ಹೊರಗೆ ತಿಳಿಯಲೆಂದೇ ಅದನ್ನು ಕೊರೆದಿರುತ್ತಾರೆ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಕೂಡುವ ಅಂಚನ್ನೂ ಬಿಡಬೇಡಿ. ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಕಾರ್ಪೆಟ್‌ನಲ್ಲಿ ತೇವ, ಗಾಜಿನ ಒಳಬದಿಗೆ ಜಿಡ್ಡು ಇದ್ದರೆ ಹೀಟರ್ ಕೋರ್ ಒಡೆದಿದೆ. ಇವು ಯಾವುವೂ ಅಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್‌ಗೂ ಅದರ ಕೆಳಗಿನ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್. ನನ್ನ ಅನುಮಾನವೆಲ್ಲ ಅದರ ಮೇಲೆಯೇ.

ನಾಳೆ ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಮಟ್ಟ ಸರಿಮಾಡಿ, ಮುಚ್ಚಳ ಬಿಗಿದು ಸ್ಟಾರ್ಟ್ ಮಾಡಿ. ಬೆಲ್ಟಿಗೂ ಫ್ಯಾನಿಗೂ ಕೈ, ತೋಳಿನ ಬಟ್ಟೆ ತಗುಲದಂತೆ ರೇಡಿಯೇಟರಿನ ಮೇಲಿನ ಹೋಸನ್ನು ಹಿಸುಕಿ ನೋಡಿ. ಕೂಲೆಂಟ್ ಕಾದು ಹಿಗ್ಗಿದ ಮೇಲೆ ಹೋಸ್ ಬಿಗಿಯುವುದು ಸಹಜ. ಕೈಗೆ ಇನ್ನೂ ತಣ್ಣಗೆ ತಗುಲುತ್ತಿರುವಾಗಲೇ, ಒಂದೆರಡು ನಿಮಿಷದಲ್ಲಿ, ಹಿಸುಕಲಾಗದಷ್ಟು ಬಿಗಿದರೆ ಸಿಲಿಂಡರಿನ ಉರಿದ ಅನಿಲ ಕೂಲೆಂಟಿಗೆ ನುಗ್ಗುತ್ತಿದೆ. ಕಾರು ಓಡುವಾಗ ಆ ಒತ್ತಡವೇ ಕೂಲೆಂಟನ್ನು ಮುಚ್ಚಳದ ಮೂಲಕ ಹೊರದಬ್ಬುತ್ತದೆ. ದಾರಿಯುದ್ದಕ್ಕೂ ಚೆಲ್ಲುತ್ತದೆ, ನಿಲ್ಲಿಸಿದ ಜಾಗ ಒಣಗಿರುತ್ತದೆ.

ಖಚಿತಪಡಿಸಿಕೊಳ್ಳಲು ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಟ್ಯಾಂಕಿನ ಬಾಯಿಗೆ ಕೊಳವೆಯಿಟ್ಟು ಒಳಗಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಗಾಳಿಯಲ್ಲಿ ಉರಿದ ಅನಿಲದ ಕಾರ್ಬನ್ ಡೈಆಕ್ಸೈಡ್ ಇದ್ದರೆ ಬಣ್ಣ ಬದಲಾಗುತ್ತದೆ, ಪೆಟ್ರೋಲ್ ಎಂಜಿನ್ ಆದರೆ ಹಳದಿಗೆ, ಡೀಸೆಲ್ ಆದರೆ ಸಾಮಾನ್ಯವಾಗಿ ಹಸಿರಿಗೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಗ್ಯಾಸ್ಕೆಟ್ ಎಲ್ಲಿ ಬಿಟ್ಟುಕೊಂಡಿದೆ ಎಂಬುದರ ಮೇಲೆ ಲಕ್ಷಣ ಬೇರೆಯಾಗುತ್ತದೆ. ಫಲಿತಾಂಶವನ್ನು ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಬೆಟ್ಟದ ಮಾತು ಬೇಡ.

ನಿವೃತ್ತ ಮೇಷ್ಟ್ರು: ನನಗೆ ಬಂದದ್ದು, ಉಪಯೋಗವಾಗಬಹುದು. «ರೇಡಿಯೇಟರ್ ಸೋರುತ್ತಿದೆಯೇ? ಬಿಸಿ ಎಂಜಿನ್‌ನ ಮುಚ್ಚಳ ತೆಗೆದು ಎರಡು ಮೊಟ್ಟೆಯ ಬಿಳಿ ಮತ್ತು ಒಂದು ಚಮಚ ಕಾಳುಮೆಣಸಿನ ಪುಡಿ ಹಾಕಿ. ಹತ್ತೇ ನಿಮಿಷದಲ್ಲಿ ಸೋರಿಕೆ ಮಾಯ! ಎಲ್ಲರಿಗೂ ಹಂಚಿ.»

ಮೆಕ್ಯಾನಿಕ್: ಹಂಚಬೇಡಿ. ಮೊಟ್ಟೆ ಬೆಂದು ಗಟ್ಟಿಯಾಗುತ್ತದೆ ಎಂಬುದು ನಿಜ. ಆದರೆ ರಂಧ್ರ ಯಾವುದು, ಹೀಟರ್ ಕೋರಿನ ಸಣ್ಣ ನಾಳ ಯಾವುದು ಎಂಬ ವಿವೇಕ ಅದಕ್ಕಿಲ್ಲ. ಎಲ್ಲವನ್ನೂ ಮುಚ್ಚುತ್ತದೆ. ಆಮೇಲೆ ಅದನ್ನು ಕೆರೆದು ತೆಗೆಯುವವರು ನಾವು.

ಅದಕ್ಕಿಂತ ಅಪಾಯ ಆ ಮೊದಲ ಮಾತು. ಬಿಸಿ ಎಂಜಿನ್‌ನ ಮುಚ್ಚಳವನ್ನು ಯಾರೂ, ಯಾವ ಕಾರಣಕ್ಕೂ ತೆಗೆಯಬೇಡಿ. ಅರ್ಧ ಕೂಲೆಂಟ್ ಅರ್ಧ ನೀರು ಇರುವ ಮಿಶ್ರಣ ಬಯಲಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಕುಸಿದು ಒಳಗಿದ್ದದ್ದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಬಟ್ಟೆ ಸುತ್ತಿ ತೆಗೆದರೆ ಪರವಾಗಿಲ್ಲವೇ ಎಂದು ಕೇಳಬೇಡಿ. ಹಾಗೂ ತೆಗೆಯಬಾರದು.

ನಿವೃತ್ತ ಮೇಷ್ಟ್ರು: ಒಳ್ಳೆಯ ಉದ್ದೇಶದಿಂದ ಹಾಕಿದೆ. ಇಷ್ಟು ಕಟುವಾಗಿ ಹೇಳುವ ಅಗತ್ಯವಿರಲಿಲ್ಲ.

ಕ್ಲಚ್ ಪ್ರಿಯ: ವಿನೆಗರ್ ಹಾಕಿ ತೊಳೆದರೆ ರೇಡಿಯೇಟರ್ ಹೊಳೆಯುತ್ತದಂತೆ, ವಿಡಿಯೊ ನೋಡಿದೆ.

ಮೆಕ್ಯಾನಿಕ್: ಅದು ಆಮ್ಲ. ಅಲ್ಯೂಮಿನಿಯಂ ತಿನ್ನುತ್ತದೆ. ವಿಡಿಯೊದವರು ಆರು ತಿಂಗಳ ನಂತರದ ರೇಡಿಯೇಟರ್ ತೋರಿಸುವುದಿಲ್ಲ.

ಹಳೆಯ ಡೀಸೆಲ್: ನಾನು ಹೇಳುವುದು ಇಷ್ಟೇ. ಎಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಕವಾಟ, ಈ ಥರ್ಮೋಸ್ಟಾಟ್, ಸೆಕೆಯ ಪ್ರದೇಶದಲ್ಲಿ ಬೇಕಿಲ್ಲ. ಕಿತ್ತು ಬಿಸಾಡಿ, ಎಂಜಿನ್ ತಂಪಾಗಿರುತ್ತದೆ. ನನ್ನ ಗಾಡಿ ಹಾಗೆಯೇ ಓಡುತ್ತಿದೆ.

ಕೈಪಿಡಿ ಓದುವವ: ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಎಂಜಿನ್ ಎಷ್ಟು ತಂಪಾದರೆ ಅಷ್ಟು ಒಳ್ಳೆಯದು ಎಂದವರು ಯಾರು? ತಣ್ಣಗಿನ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಹಳೆಯ ಡೀಸೆಲ್: ಪುಸ್ತಕ ಓದಿ ಗಾಡಿ ಓಡಿಸುವವರಿಗೆ ನನ್ನ ಉತ್ತರವಿಲ್ಲ.

ಕೈಪಿಡಿ ಓದುವವ: ಓದದೆ ಓಡಿಸುವವರ ಗಾಡಿಗಳೇ ರಸ್ತೆ ಬದಿಯಲ್ಲಿ ಹೊಗೆಯಾಡುತ್ತ ನಿಂತಿರುತ್ತವೆ.

ನಿವೃತ್ತ ಮೇಷ್ಟ್ರು: ನಮ್ಮ ಕಾಲದಲ್ಲಿ ಕೂಲೆಂಟೂ ಇರಲಿಲ್ಲ, ಇಷ್ಟೊಂದು ಜಗಳವೂ ಇರಲಿಲ್ಲ. ನಲ್ಲಿ ನೀರು ಹಾಕಿ ಓಡಿಸುತ್ತಿದ್ದೆವು.

ಕೈಪಿಡಿ ಓದುವವ: ಆ ಕಾಲದ ಗಾಡಿಗಳು ಕುದಿಯುತ್ತಲೂ ಇದ್ದವು ಮೇಷ್ಟ್ರೇ.

ಹಳೆಯ ಡೀಸೆಲ್: ಹಿರಿಯರ ಜೊತೆ ಮಾತನಾಡುವ ರೀತಿಯೇ ಇದು?

ಮೆಕ್ಯಾನಿಕ್: ಸಾಕು. ಥರ್ಮೋಸ್ಟಾಟ್ ಸುಮಾರು 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ, ಒಳಗಿನ ಮೇಣ ಕರಗಿ ಹಿಗ್ಗಿ ಕವಾಟವನ್ನು ತಳ್ಳುತ್ತದೆ. ಹಲವು ಎಂಜಿನ್‌ಗಳಲ್ಲಿ ಅದು ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿದ್ದು, ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ತಂಪಾಗಲೆಂದು ಕಿತ್ತದ್ದು, ಭಾರ ಹೊತ್ತು ಏರು ಹತ್ತುವಾಗ ಇನ್ನಷ್ಟು ಬಿಸಿ. ಕೆಟ್ಟರೆ ಹೊಸದು ಹಾಕಿಸಿ.

ನಲ್ಲಿ ನೀರು ಬೇಡ. ಅದರ ಸುಣ್ಣದಂಶ ನಾಳಗಳಿಗೆ ಅಂಟುತ್ತದೆ, ತುಕ್ಕು ತಡೆಯುವ ರಾಸಾಯನಿಕವೂ ಅದರಲ್ಲಿಲ್ಲ. ನೀರು ಬೆರೆಸದ ಗಟ್ಟಿ ಕೂಲೆಂಟನ್ನೇ ಸುರಿಯುವುದೂ ತಪ್ಪು, ಶಾಖ ಒಯ್ಯುವುದರಲ್ಲಿ ಅದು ನೀರಿಗಿಂತ ಹಿಂದೆ.

ಅಂಗಳದ ಕಾರು: ಸರ್, ಯಾವ ಬಣ್ಣದ ಕೂಲೆಂಟ್ ಒಳ್ಳೆಯದು?

ಮೆಕ್ಯಾನಿಕ್: ಮೇಲೆ ಉತ್ತರವಿದೆ.

ಅಂಗಳದ ಕಾರು: ಮೇಲೆ ತುಂಬಾ ಇದೆ ಸರ್, ಒಂದೇ ಮಾತಿನಲ್ಲಿ ಹೇಳಿ.

ಮೆಕ್ಯಾನಿಕ್: ಕೈಪಿಡಿ.

ಅಂಗಳದ ಕಾರು: ಸರಿ. ಇನ್ನೊಂದು, ಹಳೆಯ ಕೂಲೆಂಟ್ ಇಳಿಸಿ ಹಿತ್ತಲಲ್ಲಿ ಅಗಲ ಬಾಣಲಿಯಲ್ಲಿ ಇಟ್ಟಿದ್ದೇನೆ. ಗಿಡಗಳ ಬುಡಕ್ಕೆ ಹಾಕಬಹುದೇ?

ಮೆಕ್ಯಾನಿಕ್: ಈಗಲೇ ಎದ್ದು ಹೋಗಿ ಅದನ್ನು ಮುಚ್ಚಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಮಕ್ಕಳೂ ಕುಡಿದಾರು. ಸ್ವಲ್ಪವೇ ಸಾಕು, ಮೂತ್ರಪಿಂಡ ಹಾಳಾಗಿ ಪ್ರಾಣ ಹೋಗುತ್ತದೆ. ಮೊದಲ ಕೆಲವು ಗಂಟೆ ಅಮಲೇರಿದಂತೆ ಕಾಣಬಹುದು, ಅಷ್ಟೇ ಎಂದು ಮನೆಯಲ್ಲಿ ಕಾಯಬಾರದು. ಕುಡಿದದ್ದು ಅನುಮಾನ ಬಂದ ಕ್ಷಣ ಆಸ್ಪತ್ರೆ, ಪ್ರಾಣಿಯಾದರೆ ಪಶುವೈದ್ಯರು. ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ «ವಿಷ» ಎಂದು ಬರೆದು, ತ್ಯಾಜ್ಯ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಗಿಡಕ್ಕೂ ಬೇಡ, ಚರಂಡಿಗೂ ಬೇಡ. ಕುಡಿಯುವ ನೀರಿನ ಬಾಟಲಿಯಲ್ಲಂತೂ ತುಂಬಲೇಬೇಡಿ. ಮುಚ್ಚಿದ ಮೇಲೆ ತಿಳಿಸಿ.

ಅಂಗಳದ ಕಾರು: ಮುಚ್ಚಿದೆ ಸರ್. ಕ್ಯಾನಿಗೆ ತುಂಬುತ್ತೇನೆ.

ಮೂರನೆಯ ಗೇರ್: ಸರ್, ಫ್ಯಾನ್ ಸದಾ ಓಡುವುದರ ಬಗ್ಗೆ ಕೇಳಿದ್ದೆ.

ಹಳೆಯ ಡೀಸೆಲ್: ಓಡಿದರೆ ಒಳ್ಳೆಯದೇ ಅಲ್ಲವೇ, ಇನ್ನೇನು ಬೇಕು?

ಕೈಪಿಡಿ ಓದುವವ: ಥರ್ಮೋಸ್ಟಾಟ್ ಕಿತ್ತವರ ಸಲಹೆ ಎಂದು ಓದಿಕೊಳ್ಳಿ.

ನಿರ್ವಾಹಕ: ಇಬ್ಬರಿಗೂ ಇದೇ ಕೊನೆಯ ಎಚ್ಚರಿಕೆ.

ಸಂಜೆ ಸವಾರ: ಸರ್, ಹೋಸ್ ತಣ್ಣಗಿದ್ದಾಗಲೇ ಬಿಗಿಯಿತು. ಗ್ಯಾರೇಜಿನಲ್ಲಿ ಪರೀಕ್ಷೆಯೂ ಆಯಿತು. ದ್ರವ ಹಸಿರಾಯಿತು, ಹಳದಿ ಆಗಲಿಲ್ಲ. ಹಾಗಾದರೆ ಗ್ಯಾಸ್ಕೆಟ್ ಸರಿಯಿದೆ ಅಲ್ಲವೇ? ಸೋರಿಕೆ ಮುಚ್ಚುವ ಒಂದು ಸ್ಟಾಪ್ ಲೀಕ್ ಡಬ್ಬಿ ಹಾಕಿ ಹೊರಡಬಹುದು ಎಂದು ಅಲ್ಲಿದ್ದವರೊಬ್ಬರು ಹೇಳಿದರು.

ಮೆಕ್ಯಾನಿಕ್: ನಿಮ್ಮದು ಡೀಸೆಲ್. ಡೀಸೆಲ್‌ಗೆ ಹಸಿರು ಎಂದು ಬರೆದಿದ್ದೆ. ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ. ಇಳಿಸಿದ ಮೇಲೆಯೇ ಯಾವುದೆಂದು ತಿಳಿಯುವುದು. ಡಬ್ಬಿ ಬೇಡ. ರೇಡಿಯೇಟರಿನ ಸೂಜಿಮೊನೆ ರಂಧ್ರಕ್ಕೆ ಅದು ಕೆಲವು ದಿನ ನಿಂತೀತು, ಸಿಲಿಂಡರಿನೊಳಗಿನ ಒತ್ತಡದ ಎದುರು ನಿಲ್ಲುವುದಿಲ್ಲ.

ಹೆಡ್ ಇಳಿಸಿದಾಗ ನೀವೂ ಅಲ್ಲಿರಿ. ಅದರ ಮೇಲೆ ನೇರಪಟ್ಟಿ ಇಟ್ಟು, ಕರ್ಣಕ್ಕೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ಬಾಗಿದೆಯೇ ಎಂದು ಅಳೆಯಬೇಕು. ಮಿತಿ ಎಂಜಿನ್‌ಗೆ ತಕ್ಕಂತೆ ಇರುತ್ತದೆ, ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ಬಿಡುವುದಿಲ್ಲ. ಅಳೆಯದೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಅದೇ ಕೆಲಸ ಮತ್ತೆ. ಬಿರುಕಿಗೆ ಒತ್ತಡದ ಪರೀಕ್ಷೆ ಮಾಡಿಸಿ. ಹಳೆಯ ಹೆಡ್ ಬೋಲ್ಟ್‌ಗಳನ್ನು ಮರುಬಳಸಬಹುದೇ ಎಂದು ಕೈಪಿಡಿಯಲ್ಲಿ ನೋಡಿಸಿ. ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟ್‌ಗಳನ್ನು ಬದಲಿಸಲೇಬೇಕು. ಹಾಗೆಯೇ ಹೊಸ ಥರ್ಮೋಸ್ಟಾಟ್, ಹೊಸ ಮುಚ್ಚಳ. ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವುದಾದರೆ ಅದೂ ಈಗಲೇ. ತುಂಬಿಸುವಾಗ ಗಾಳಿ ಪೂರ್ತಿ ಹೊರಹೋಗಬೇಕು, ಇಲ್ಲದಿದ್ದರೆ ಎಲ್ಲ ಹೊಸದಾದರೂ ಬಿಸಿಯಾಗುತ್ತದೆ.

ಸಂಜೆ ಸವಾರ: ಪ್ರಯಾಣ ಮುಂದೂಡುವುದಿಲ್ಲ, ಬಸ್ಸಿನಲ್ಲಿ ಹೋಗುತ್ತೇವೆ. ಧನ್ಯವಾದ ಸರ್.

ಹಳೆಯ ಡೀಸೆಲ್: ಮೊದಲೇ ಥರ್ಮೋಸ್ಟಾಟ್ ಕಿತ್ತಿದ್ದರೆ ಹೀಗಾಗುತ್ತಿರಲಿಲ್ಲ.

ನಿರ್ವಾಹಕ: ಹಳೆಯ ಡೀಸೆಲ್ ಅವರು ನಾಳೆಯವರೆಗೆ ಬರೆಯುವಂತಿಲ್ಲ.

ಮೂರನೆಯ ಗೇರ್: ಸರ್, ಫ್ಯಾನ್?